ಶರಣರ ಹೆಸರುಗಳಲ್ಲಿ ವಿಶೇಷಣ: ಸಗರನಾಡಿನಿಂದ ಒಂದು ವಿಚಾರ

ವ್ಯಾಕರಣವು ಶುಷ್ಕವಾದ ಶಾಸ್ತ್ರವೆಂದೂ, ಪರೀಕ್ಷೆಯ ಕಾಲದಲ್ಲಿ ಹೊರತು ಬಾಳಿನಲ್ಲಿ ಅದರಿಂದ ಪ್ರಯೋಜನವಿಲ್ಲವೆಂದೂ ಭಾವಿಸುವವರು ಬಹಳ ಮಂದಿ. ಆದರೆ ಇತಿಹಾಸದ ಎಷ್ಟೋ ಚರ್ಚೆಗಳು ಒಂದು ವಿಭಕ್ತಿಪ್ರತ್ಯಯದ ಮೇಲೆ ನಿಂತಿರುತ್ತವೆ. ನಮ್ಮ ಸೀಮೆಯ ಮುದನೂರಿನ ದಾಸಿಮಯ್ಯನವರ ವಿಷಯವನ್ನೇ ನೋಡಬಹುದು. ಅವರನ್ನು ಕೆಲವರು ‘ಜೇಡರ ದಾಸಿಮಯ್ಯ’ ಎಂದು ಕರೆಯುತ್ತಾರೆ, ಕೆಲವರು ‘ದೇವರ ದಾಸಿಮಯ್ಯ’ ಎಂದು ಕರೆಯುತ್ತಾರೆ. ಈ ಎರಡು ಹೆಸರುಗಳು ಒಬ್ಬನೇ ಶರಣನವೋ, ಬೇರೆ ಬೇರೆ ಕಾಲದ ಇಬ್ಬರವೋ ಎಂಬುದನ್ನು ಕುರಿತು ವಿದ್ವಾಂಸರು ದೀರ್ಘಕಾಲದಿಂದ ವಾದಿಸುತ್ತ ಬಂದಿದ್ದಾರೆ. ‘ದಾಸಿಮಯ್ಯ’ ಎಂಬ ವಿಶೇಷ್ಯವು ಎರಡರಲ್ಲಿಯೂ ಒಂದೇ. ಭೇದವಿರುವುದು ಅದಕ್ಕೆ ಮೊದಲು ಬಂದಿರುವ ವಿಶೇಷಣದಲ್ಲಿ ಮಾತ್ರ. ಹೀಗಿರುವಾಗ ಕನ್ನಡದಲ್ಲಿ ವಿಶೇಷಣವೆಂಬುದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಅರಿಯದೆ ಈ ಚರ್ಚೆಯನ್ನು ಮುಂದುವರಿಸುವುದು ಹೇಗೆ? ಈ ದೃಷ್ಟಿಯಿಂದ ಶರಣರ ಹೆಸರುಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಈ ಪ್ರದೇಶವು ಹಿಂದೆ ಗುಲಬರ್ಗಾ ಜಿಲ್ಲೆಗೆ ಸೇರಿದ್ದು, ೨೦೦೯ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಗಿ ಬೇರ್ಪಟ್ಟಿತು. ಶಹಾಪುರದ ಬಳಿಯ ಸಗರ ಗ್ರಾಮದ ಹೆಸರಿನಿಂದ ಇದಕ್ಕೆ ಸಗರನಾಡೆಂಬ ಪ್ರಸಿದ್ಧಿ ಬಂದಿದೆ. ಮುದನೂರಿನ ದಾಸಿಮಯ್ಯನವರು, ಕೆಂಭಾವಿಯ ಭೋಗಯ್ಯನವರು, ಅನಂತರದ ಕಾಲದಲ್ಲಿ ಕೊಡೇಕಲ್ಲಿನ ಬಸವಣ್ಣನವರು, ಕೃಷ್ಣಾತೀರದ ತಿಂಥಣಿಯ ಮೌನಪ್ಪಯ್ಯನವರು ಈ ನೆಲದ ಮಹಿಮಾಪುರುಷರು. ಇವರೆಲ್ಲರ ಹೆಸರಿಗೂ ಒಂದೊಂದು ವಿಶೇಷಣ ಅಂಟಿಕೊಂಡಿರುವುದನ್ನು ವಾಚಕರು ಗಮನಿಸಬೇಕು.

ಮೊದಲಿಗೆ ಶಾಸ್ತ್ರವಿಚಾರ. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ‘ಶುಕ್ಲಃ ಪಟಃ’, ‘ಶುಕ್ಲಾ ಶಾಟೀ’, ‘ಶುಕ್ಲಂ ವಸ್ತ್ರಮ್’ ಎಂದು ಒಂದೇ ಬಿಳುಪು ಮೂರು ರೂಪಗಳನ್ನು ತಾಳುತ್ತದೆ. ಕನ್ನಡದ ರೀತಿ ಬೇರೆ. ‘ಬಿಳಿಯ ಬಟ್ಟೆ’, ‘ಬಿಳಿಯ ಎತ್ತು’, ‘ಬಿಳಿಯ ಎತ್ತುಗಳಿಗೆ’ ಎಂಬಲ್ಲಿ ‘ಬಿಳಿಯ’ ಎಂಬುದು ಎಳ್ಳಷ್ಟೂ ಬದಲಾಗುವುದಿಲ್ಲ. ಅದು ವಿಶೇಷ್ಯಕ್ಕೆ ಮೊದಲು ನಿಲ್ಲುತ್ತದೆ. ಲಿಂಗವನ್ನೂ ವಚನವನ್ನೂ ವಿಭಕ್ತಿಯನ್ನೂ ವಿಶೇಷ್ಯವೇ ಹೊರುತ್ತದೆ. ರಾಬರ್ಟ್ ಕಾಲ್ಡ್‌ವೆಲ್ ಅವರು ೧೮೫೬ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ, ಈ ಭಾಷೆಗಳು ಸಂಸ್ಕೃತದ ಕುಲಕ್ಕೆ ಸೇರಿದವಲ್ಲವೆಂಬುದಕ್ಕೆ ಕೊಟ್ಟ ಸಾಕ್ಷ್ಯಗಳಲ್ಲಿ ವಿಶೇಷಣದ ಈ ಸ್ವಭಾವವೂ ಒಂದು.

ಕನ್ನಡದ ಇನ್ನೊಂದು ವಿಶೇಷವನ್ನು ಕಾಲ್ಡ್‌ವೆಲ್ ಅವರಿಗಿಂತ ಸುಮಾರು ಆರುನೂರು ವರ್ಷಗಳ ಮೊದಲೇ ಕೇಶಿರಾಜನು ಕಂಡಿದ್ದನು. ಕ್ರಿ. ಶ. ೧೨೬೦ರ ಸುಮಾರಿನ ಅವನ ‘ಶಬ್ದಮಣಿದರ್ಪಣ’ದಲ್ಲಿ ಗಮಕಸಮಾಸದ ವಿಚಾರ ಬರುತ್ತದೆ. ಕೃದಂತವಾಗಲಿ ಸರ್ವನಾಮವಾಗಲಿ ಪೂರ್ವಪದವಾಗಿ ನಾಮಪದದೊಡನೆ ಕೂಡಿದರೆ ಅದು ಗಮಕಸಮಾಸ. ಅಲ್ಲಿ ಉತ್ತರಪದವು ಸಂಸ್ಕೃತವಾಗಿದ್ದರೂ ಅರಿಸಮಾಸದ ದೋಷವಿಲ್ಲ. ಆಧುನಿಕ ಭಾಷಾವಿಜ್ಞಾನಿಗಳಲ್ಲಿ ಡಾ. ಡಿ. ಎನ್. ಶಂಕರ ಭಟ್ಟರಂಥವರು ಇಂಥವನ್ನು ಸಮಾಸವೆನ್ನುವುದಕ್ಕಿಂತ ಪದಗಳ ಕಂತೆಯೆಂದು ಹೇಳುವುದು ಕನ್ನಡದ ಸ್ವಭಾವಕ್ಕೆ ಒಪ್ಪುವುದೆಂದು ವಾದಿಸಿದ್ದಾರೆ. ಹೆಸರು ಯಾವುದೇ ಇರಲಿ, ಕೇಶಿರಾಜನು ಇವುಗಳನ್ನು ಬೇರೆಯಾಗಿ ಎಣಿಸಿದ್ದರಲ್ಲಿ ಅವನ ಸೂಕ್ಷ್ಮದೃಷ್ಟಿ ವ್ಯಕ್ತವಾಗುತ್ತದೆ.

‘ನೇಯ್ದ’ ಎಂಬ ಕೃದಂತವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ‘ನೇಯ್ದ ದಾಸಿಮಯ್ಯ’ ಎಂದರೆ ದಾಸಿಮಯ್ಯನು ಕರ್ತೃ. ‘ನೇಯ್ದ ಬಟ್ಟೆ’ ಎಂದರೆ ಬಟ್ಟೆಯು ಕರ್ಮ. ‘ನೇಯ್ದ ಮಗ್ಗ’ ಎಂದರೆ ಮಗ್ಗವು ಸಾಧನ. ‘ನೇಯ್ದ ಮನೆ’ ಎಂದರೆ ಮನೆಯು ಅಧಿಕರಣ. ನಾಲ್ಕು ಸಂಬಂಧಗಳು, ಆದರೆ ‘ನೇಯ್ದ’ ಎಂಬ ರೂಪ ಒಂದೇ. ಸಂಸ್ಕೃತದಲ್ಲಿಯಾದರೆ ನೇಯ್ದವನಿಗೆ ಕರ್ತರಿ ರೂಪ ಬೇರೆ, ನೇಯಲ್ಪಟ್ಟುದಕ್ಕೆ ಕರ್ಮಣಿ ರೂಪ ಬೇರೆ. ಕನ್ನಡದಲ್ಲಿ ಯಾವ ಸಂಬಂಧವೆಂಬುದನ್ನು ವಿಶೇಷಣವು ಹೇಳುವುದಿಲ್ಲ, ಕೇಳುವವನು ಲೋಕಜ್ಞಾನದಿಂದ ಅರಿಯುತ್ತಾನೆ. ಬಟ್ಟೆಯು ತಾನಾಗಿ ನೇಯಲಾರದು, ದಾಸಿಮಯ್ಯನು ನೇಯಿಸಿಕೊಳ್ಳಲಾರನು ಎಂಬ ತಿಳಿವಳಿಕೆ ನಮಗಿರುವುದರಿಂದಲೇ ಅರ್ಥವು ಕೆಡುವುದಿಲ್ಲ.

ಷಷ್ಠೀವಿಭಕ್ತಿಯ ಮಾತೂ ಹೀಗೆಯೇ. ಪಾಣಿನೀಯರ ಆರು ಕಾರಕಗಳಲ್ಲಿ ಷಷ್ಠಿಗೆ ಸ್ಥಾನವಿಲ್ಲ. ಉಳಿದ ವಿಭಕ್ತಿಗಳು ನಾಮಪದವನ್ನು ಕ್ರಿಯೆಯೊಡನೆ ಕೂಡಿಸಿದರೆ ಷಷ್ಠಿಯು ನಾಮಪದವನ್ನು ಇನ್ನೊಂದು ನಾಮಪದದೊಡನೆ ಕೂಡಿಸುತ್ತದೆ. ಆ ಸಂಬಂಧವು ಎಂತಹದು ಎಂಬುದನ್ನು ಅದು ನಿರ್ದೇಶಿಸುವುದಿಲ್ಲ. ಷಷ್ಠಿಯ ಅರ್ಥಗಳು ನೂರೊಂದು ಎಂಬ ಆಶಯದ ಮಾತನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಆಡಿದ್ದಾನೆ. ‘ಬಸವನ ಮನೆ’ ಎಂಬಲ್ಲಿ ಸ್ವಾಮ್ಯ, ‘ಬಸವನ ಮಗ’ ಎಂಬಲ್ಲಿ ಜನ್ಯಜನಕ ಸಂಬಂಧ, ‘ಬಸವನ ಮಾತು’ ಎಂಬಲ್ಲಿ ಕರ್ತೃತ್ವ. ಹೀಗೆ ಒಂದೇ ‘ಅ’ ಪ್ರತ್ಯಯಕ್ಕೆ ಬಗೆಬಗೆಯ ಕೆಲಸ.

ಈಗ ಶರಣರ ಹೆಸರುಗಳನ್ನು ನೋಡೋಣ. ಅವುಗಳಲ್ಲಿ ವಿಶೇಷಣವು ಮುಖ್ಯವಾಗಿ ಐದು ಬಗೆಯಾಗಿ ಬರುತ್ತದೆ.

ಮೊದಲನೆಯದು ಬಹುವಚನದ ಷಷ್ಠಿ: ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ. ‘ಜೇಡ’ನೆಂದರೆ ನೇಕಾರ, ‘ಜೇಡರ’ ಎಂದರೆ ನೇಕಾರರಿಗೆ ಸಂಬಂಧಪಟ್ಟ. ಎರಡನೆಯದು ವಸ್ತುವಾಚಕದ ಷಷ್ಠಿ: ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಸುಂಕದ ಬಂಕಣ್ಣ. ಮೂರನೆಯದು ಪ್ರತ್ಯಯವಿಲ್ಲದೆ ನಿಂತ ನಾಮಪದ: ಮಡಿವಾಳ ಮಾಚಯ್ಯ, ಒಕ್ಕಲಿಗ ಮುದ್ದಣ್ಣ, ಬಹುರೂಪಿ ಚೌಡಯ್ಯ. ನಾಲ್ಕನೆಯದು ಸ್ಥಳನಾಮ: ಕೆಂಭಾವಿ ಭೋಗಯ್ಯ, ಕೊಡೇಕಲ್ ಬಸವಣ್ಣ, ತಿಂಥಣಿ ಮೌನಪ್ಪಯ್ಯ. ಐದನೆಯದು ತನ್ನೊಳಗೇ ಇನ್ನೊಂದು ವಿಶೇಷಣವನ್ನು ಅಡಗಿಸಿಕೊಂಡ ಪದ: ಆಯ್ದಕ್ಕಿ ಮಾರಯ್ಯ. ಇಲ್ಲಿ ‘ಆಯ್ದ’ ಎಂಬ ಭೂತಕೃದಂತವು ‘ಅಕ್ಕಿ’ಗೆ ವಿಶೇಷಣ, ‘ಆಯ್ದಕ್ಕಿ’ ಎಂಬ ಗಮಕಸಮಾಸವು ಇಡಿಯಾಗಿ ‘ಮಾರಯ್ಯ’ನಿಗೆ ವಿಶೇಷಣ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕವೆಂಬ ಒಂದು ಜೀವನಚರಿತ್ರೆಯೇ ಆ ಒಂದು ಪದದಲ್ಲಿ ಅಡಕವಾಗಿದೆ.

ಈ ವಿಂಗಡಣೆಯಿಂದ ಒಂದು ಪ್ರಯೋಜನವನ್ನು ಕೂಡಲೇ ತೋರಿಸಬಹುದು. ‘ಹಡಪದ’ ಎಂಬಲ್ಲಿ ಷಷ್ಠಿಗೆ ಮೊದಲು ದಕಾರಾಗಮ ಬಂದಿದೆ. ಅಕಾರಾಂತ ನಪುಂಸಕಲಿಂಗದ ಪದಗಳಿಗೆ ಈ ದಕಾರ ಬರುತ್ತದೆ: ಮರದ, ಹೊಲದ, ಸುಂಕದ. ಮನುಷ್ಯವಾಚಕದ ಬಹುವಚನಕ್ಕೆ ಬರುವುದು ‘ಜೇಡರ’ ಎಂಬಂತೆ ರಕಾರ. ಆದ್ದರಿಂದ ‘ಹಡಪ’ವು ಮೂಲತಃ ಒಂದು ವಸ್ತು, ಎಂದರೆ ಎಲೆಯಡಿಕೆಯ ಚೀಲ. ಅಪ್ಪಣ್ಣನವರ ವಿಶೇಷಣವು ಅವರು ಕೈಯಲ್ಲಿ ಹಿಡಿದ ಹಡಪವನ್ನು ಹೇಳುತ್ತದೆಯೇ ಹೊರತು ಅವರು ಹುಟ್ಟಿದ ಕುಲವನ್ನಲ್ಲ. ಮುಂದೆ ಆ ವಸ್ತುವಿನ ಹೆಸರೇ ಒಂದು ಸಮಾಜದ ಹೆಸರಾಗಿ ಬೆಳೆಯಿತು. ಅದು ಗೌರವದ ಬೆಳವಣಿಗೆಯೇ ಸರಿ. ಆದರೆ ಮೊದಲು ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂಬುದನ್ನು ಒಂದು ದಕಾರವು ಇಂದಿಗೂ ಸಾಕ್ಷಿಯಾಗಿ ನಿಂತು ಹೇಳುತ್ತಿದೆ.

ವಿಶೇಷಣದ ಕಾರ್ಯವೇನೆಂಬುದು ಮುಂದಿನ ಪ್ರಶ್ನೆ. ‘ಬಿಳಿಯ ಎತ್ತನ್ನು ಹಿಡಿದುಕೊಂಡು ಬಾ’ ಎಂದರೆ ‘ಬಿಳಿಯ’ ಎಂಬುದು ಕರಿಯ ಎತ್ತನ್ನೂ ಕೆಂದೆತ್ತನ್ನೂ ದೂರಮಾಡುತ್ತದೆ. ಇದು ವ್ಯಾವರ್ತಕ ವಿಶೇಷಣ. ‘ಬಿಳಿಯ ಹಾಲು’ ಎಂದರೆ ಕರಿಯ ಹಾಲನ್ನು ದೂರಮಾಡಿದಂತಾಗುವುದಿಲ್ಲ. ಅಂಥ ಹಾಲೇ ಇಲ್ಲ. ಇದು ಸ್ವರೂಪವನ್ನು ಮಾತ್ರ ಹೇಳುವ ವಿಶೇಷಣ. ಇವೆರಡಲ್ಲದೆ ಶಾಸ್ತ್ರಕಾರರು ಉಪಲಕ್ಷಣವೆಂಬ ಮೂರನೆಯದನ್ನು ಹೇಳುತ್ತಾರೆ. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ ‘ಅಗೋ, ಕಾಗೆ ಕೂತಿರುವ ಮನೆ’ ಎಂದು ತೋರಿಸುವುದು ಅದಕ್ಕೆ ಪ್ರಸಿದ್ಧ ದೃಷ್ಟಾಂತ. ಕಾಗೆಯು ಮನೆಯ ಗುಣವಲ್ಲ, ಅಂಗವಲ್ಲ. ಮನೆ ಗುರುತು ಸಿಕ್ಕ ಮೇಲೆ ಅದು ಹಾರಿಹೋದರೂ ಮನೆಗೆ ಲೋಪವಿಲ್ಲ. ಕನ್ನಡದಲ್ಲಿ ಈ ಮೂರಕ್ಕೂ ರೂಪಭೇದವಿಲ್ಲದಿರುವುದರಿಂದ ಎಲ್ಲಿ ಯಾವುದಿದೆಯೆಂಬುದನ್ನು ವಿವೇಕದಿಂದ ನಿರ್ಣಯಿಸಬೇಕಾಗುತ್ತದೆ.

ಇದನ್ನು ದಾಸಿಮಯ್ಯನವರ ಪ್ರಶ್ನೆಗೆ ಅನ್ವಯಿಸೋಣ. ವಿಶೇಷಣಗಳು ಎರಡಿರುವುದರಿಂದ ವ್ಯಕ್ತಿಗಳೂ ಇಬ್ಬರೇ ಎಂದು ಕೆಲವರು ಹೇಳುತ್ತಾರೆ. ಅದು ನಿಲ್ಲುವ ವಾದವಲ್ಲ. ಒಂದೇ ವಿಶೇಷ್ಯಕ್ಕೆ ಹತ್ತು ವಿಶೇಷಣಗಳಿರಬಹುದು. ಜೇಡರ ಎಂಬುದು ಕಾಯಕವನ್ನೂ, ದೇವರ ಎಂಬುದು ಆ ಕಾಯಕವು ಸಲ್ಲುವ ಒಡೆಯನನ್ನೂ ಹೇಳುತ್ತಿರಬಹುದು. ಹೆಸರು ಒಂದೇ ಆದುದರಿಂದ ವ್ಯಕ್ತಿಯೂ ಒಬ್ಬನೇ ಎಂದು ಮತ್ತೆ ಕೆಲವರು ಹೇಳುತ್ತಾರೆ. ಅದೂ ನಿಲ್ಲುವುದಿಲ್ಲ. ಅಂಬಿಗರ ಚೌಡಯ್ಯನವರೂ ಬಹುರೂಪಿ ಚೌಡಯ್ಯನವರೂ ಬೇರೆ ಬೇರೆ. ಆಯ್ದಕ್ಕಿ ಮಾರಯ್ಯನವರೂ ಮೋಳಿಗೆ ಮಾರಯ್ಯನವರೂ ಬೇರೆ ಬೇರೆ. ದಾಸಿಮಯ್ಯ ಎಂಬ ಹೆಸರಿನಲ್ಲಿಯೇ ಶಂಕರ ದಾಸಿಮಯ್ಯನವರೆಂಬ ಇನ್ನೊಬ್ಬ ಶರಣರಿದ್ದಾರೆ. ಅಲ್ಲೆಲ್ಲ ವಿಶೇಷಣವು ವ್ಯಾವರ್ತಕವಾಗಿಯೇ ಹುಟ್ಟಿತು. ಪರಂಪರೆಯು ಮುದನೂರಿನ ದಾಸಿಮಯ್ಯನವರನ್ನು ಕ್ರಿ. ಶ. ೧೦೧೫ರಲ್ಲಿ ಪಟ್ಟಕ್ಕೆ ಬಂದ ಚಾಲುಕ್ಯ ಇಮ್ಮಡಿ ಜಯಸಿಂಹನ ರಾಣಿ ಸುಗ್ಗಲದೇವಿಗೆ ಗುರುವೆಂದು ಹೇಳುತ್ತದೆ. ಆ ಕಾಲನಿರ್ಣಯವನ್ನು ಒಪ್ಪುವವರೂ ಒಪ್ಪದವರೂ ಶಾಸನ, ಪುರಾಣ, ಹಸ್ತಪ್ರತಿಗಳ ಬಲದಿಂದ ವಾದಿಸಬೇಕಲ್ಲದೆ ವಿಶೇಷಣವೊಂದನ್ನೇ ಹಿಡಿದು ವಾದಿಸಲಾಗದು. ವ್ಯಾಕರಣವು ಇಲ್ಲಿ ತೀರ್ಪು ಕೊಡುವುದಿಲ್ಲ, ಸಲ್ಲದ ಸಾಕ್ಷ್ಯವನ್ನು ತಳ್ಳಿಹಾಕುತ್ತದೆ. ಅಷ್ಟು ಉಪಕಾರವೇ ಸಣ್ಣದಲ್ಲ.

ಸ್ಥಳನಾಮದ ವಿಶೇಷಣವು ನಮ್ಮ ಸೀಮೆಯಲ್ಲಿ ಬಹು ವ್ಯಾಪಕ. ಕೊಡೇಕಲ್ ಎಂಬ ಪದವು ಹದಿನಾರನೆಯ ಶತಮಾನದ ಕಾಲಜ್ಞಾನಿ ಬಸವಣ್ಣನವರನ್ನು ಕಲ್ಯಾಣದ ಬಸವಣ್ಣನವರಿಂದ ಬೇರ್ಪಡಿಸುತ್ತದೆ. ಮಡಿವಾಳ ಮಾಚಯ್ಯನವರ ಊರಾದ ದೇವರ ಹಿಪ್ಪರಗಿಯಲ್ಲಿ ‘ದೇವರ’ ಎಂಬ ಅದೇ ವಿಶೇಷಣವು ಊರನ್ನು ಬೇರೆ ಹಿಪ್ಪರಗಿಗಳಿಂದ ಬೇರ್ಪಡಿಸುತ್ತದೆ. ಆದರೆ ಕೆಂಭಾವಿ ಭೋಗಯ್ಯನವರ ವಿಷಯವೇ ಬೇರೆ. ಕೀಳೆಂದು ಊರವರು ಎಣಿಸಿದ ವೇಷದಲ್ಲಿ ಬಂದ ಶಿವನಿಗೆ ಮನೆಯೊಳಗೆ ಉಣಬಡಿಸಿದ ಕಾರಣಕ್ಕೆ ಭೋಗಯ್ಯನವರನ್ನು ಊರಿನಿಂದ ಹೊರಗೆ ಹಾಕಿದರೆಂದೂ, ಊರಿನ ಲಿಂಗಗಳೆಲ್ಲ ಅವರ ಬೆನ್ನು ಹತ್ತಿ ನಡೆದವೆಂದೂ ಪುರಾಣವು ವರ್ಣಿಸುತ್ತದೆ. ಅವರನ್ನು ಹೊರದೂಡಿದ ಊರೇ ಅವರ ಹೆಸರಿಗೆ ವಿಶೇಷಣವಾಗಿ ನಿಂತಿದೆ! ಇಂದು ಕೆಂಭಾವಿಯನ್ನು ನಾಡು ನೆನೆಯುವುದು ಭೋಗಯ್ಯನವರಿಂದಲೇ ಆದುದರಿಂದ, ಅರ್ಥದಲ್ಲಿ ವಿಶೇಷಣವೇ ವಿಶೇಷ್ಯವನ್ನು ಆಶ್ರಯಿಸಿಕೊಂಡಿದೆ ಎನ್ನಬೇಕು.

ಅದೇ ಕಾಲದ ಅರಸರ ಹೆಸರುಗಳೊಡನೆ ಶರಣರ ಹೆಸರುಗಳನ್ನು ಹೋಲಿಸಿದರೆ ಇನ್ನೊಂದು ಸತ್ಯ ಹೊಳೆಯುತ್ತದೆ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಸಮಸ್ತಭುವನಾಶ್ರಯ, ಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಸತ್ಯಾಶ್ರಯಕುಲತಿಲಕ, ಚಾಳುಕ್ಯಾಭರಣ ಎಂದು ವಿಶೇಷಣಗಳು ಸಾಲುಗಟ್ಟಿ ಬಂದು ಕೊನೆಯಲ್ಲಿ ಅರಸನ ಹೆಸರು ಬರುತ್ತದೆ. ಭೂಮಿ, ಅಧಿಕಾರ, ಕುಲ ಇವೇ ಆ ವಿಶೇಷಣಗಳ ಸಾರ. ಶರಣರಿಗಾದರೋ ಒಂದೇ ಪದ: ಜೇಡರ, ಅಂಬಿಗರ, ನುಲಿಯ, ಆಯ್ದಕ್ಕಿ. ಅದರ ಸಾರ ಕೈಯ ಕೆಲಸ. ಪರಂಪರೆಯ ಪ್ರಕಾರ ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದವರು. ಆ ಹಿಂದಿನ ವಿಶೇಷಣಗಳೆಲ್ಲ ಕಳಚಿಬಿದ್ದು ತಲೆಯ ಮೇಲೆ ಹೊತ್ತ ಕಟ್ಟಿಗೆಯ ಹೊರೆಯೊಂದೇ ಉಳಿಯಿತು. ಕಲ್ಯಾಣದಲ್ಲಿ ನಡೆದ ಕ್ರಾಂತಿಯು ವಿಶೇಷಣಗಳಲ್ಲಿಯೂ ನಡೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬ ಹೆಸರುಗಳಲ್ಲಿ ವಿಶೇಷಣವು ಜಾತಿಯನ್ನೇ ಹೇಳುವುದಿಲ್ಲವೇ? ಹೇಳುತ್ತದೆ, ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಶರಣರು ಆ ಪದಗಳನ್ನು ಮರೆಮಾಚಲಿಲ್ಲ, ಅವುಗಳ ಬೆಲೆಯನ್ನು ಬದಲಿಸಿದರು. ಬಸವಣ್ಣನವರು ತಮ್ಮ ವಚನಗಳಲ್ಲಿ ಚೆನ್ನಯ್ಯ ಕಕ್ಕಯ್ಯರನ್ನು ತಮ್ಮ ಹೆತ್ತವರ ಸ್ಥಾನದಲ್ಲಿಯೂ ಬಂಧುಗಳ ಸ್ಥಾನದಲ್ಲಿಯೂ ಇರಿಸಿಕೊಂಡರು. ಲೋಕವು ದೂರವಿಡಲು ಬಳಸುತ್ತಿದ್ದ ವ್ಯಾವರ್ತಕ ವಿಶೇಷಣವು ಅಲ್ಲಿ ಬರಿಯ ಉಪಲಕ್ಷಣವಾಯಿತು. ಗುರುತು ತೋರಿಸಿತು, ಗುರುತು ಸಿಕ್ಕ ಮೇಲೆ ಹಾರಿಹೋಯಿತು. ಉಳಿದದ್ದು ಶರಣನೆಂಬ ವಿಶೇಷ್ಯ.

ಮುಂದಿನ ಕಾಲದ ಮಾತನ್ನೂ ಹೇಳಬೇಕು. ಬಹಮನಿ, ಆದಿಲಶಾಹಿ, ನಿಜಾಮರ ಆಡಳಿತಗಳಲ್ಲಿ ಈ ಸೀಮೆಯ ಕಚೇರಿಗಳಲ್ಲಿ ಫಾರಸಿಯೂ ಕೊನೆಯ ದಶಕಗಳಲ್ಲಿ ಉರ್ದುವೂ ನಡೆದವು. ಫಾರಸಿಯಲ್ಲಿ ವಿಶೇಷ್ಯ ಮೊದಲು, ವಿಶೇಷಣ ಆಮೇಲೆ. ‘ವಜೀರ್-ಎ-ಆಜಮ್’ ಎಂದರೆ ಹಿರಿಯ ವಜೀರ. ಆದರೆ ಜನರು ಶಹಾ ಎಂಬ ಫಾರಸಿ ಪದವನ್ನು ತೆಗೆದುಕೊಂಡರೂ ಊರನ್ನು ‘ಶಹಾಪುರ’ವೆಂದೇ ಕರೆದರು. ವಿಶೇಷಣಕ್ಕೆ ಸಲ್ಲುವ ಮೊದಲ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಇಂದಿನ ದಫ್ತರುಗಳಲ್ಲಿ ಮಾತ್ರ ಅಡ್ಡಹೆಸರು ಕೊನೆಗೆ ಹೋಗಿದೆ. ಮಾತಿನಲ್ಲಿ ‘ಕೆಂಭಾವಿ ಬಸಣ್ಣ’ನಾದವನು ಶಾಲೆಯ ಹಾಜರಿಪುಸ್ತಕದಲ್ಲಿ ‘ಬಸವರಾಜ ಕೆಂಭಾವಿ’ಯಾಗುತ್ತಾನೆ. ಬಡಿಗೇರ, ಅಂಬಿಗೇರ, ಕುಂಬಾರ, ಪತ್ತಾರ ಎಂಬ ಅಡ್ಡಹೆಸರುಗಳೂ ಹಾಗೆಯೇ. ಇವು ಒಂದು ಕಾಲಕ್ಕೆ ಹೆಸರಿಗೆ ಮೊದಲು ನಿಂತು ಕಾಯಕವನ್ನು ಹೇಳುತ್ತಿದ್ದ ವಿಶೇಷಣಗಳು. ಕಾಯಕವು ಬಿಟ್ಟುಹೋದ ಮೇಲೂ ಪದವು ಉಳಿದು, ಈಗ ಅದು ಹುಟ್ಟನ್ನು ಮಾತ್ರ ಹೇಳುತ್ತದೆ.

ನಿಜವಾದ ಅಪಾಯವಿರುವುದು ಇಲ್ಲಿಯೇ. ಕನ್ನಡದ ವಿಶೇಷಣವು ಸಂಬಂಧವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರ ತಿಳಿವಳಿಕೆಗೆ ಬಿಡುತ್ತದೆ ಎಂದು ಮೇಲೆ ನೋಡಿದೆವು. ಹನ್ನೆರಡನೆಯ ಶತಮಾನದ ಶರಣಸಮೂಹವು ‘ಜೇಡರ’ ಎಂಬುದನ್ನು ಕೇಳಿದಾಗ ಆ ತೆರವನ್ನು ಕಾಯಕದಿಂದ ತುಂಬಿಕೊಂಡಿತು. ಇಂದು ನಾವು ಅದೇ ಪದವನ್ನು ಕೇಳಿ ಆ ತೆರವನ್ನು ಜಾತಿಯಿಂದ ತುಂಬಿಕೊಳ್ಳುತ್ತಿದ್ದೇವೆ. ಪದ ಬದಲಾಗಿಲ್ಲ, ಪ್ರತ್ಯಯ ಬದಲಾಗಿಲ್ಲ, ಓದುವ ಮನಸ್ಸು ಬದಲಾಗಿದೆ. ಅದರ ಫಲವಾಗಿ ಒಬ್ಬೊಬ್ಬ ಶರಣರು ಒಂದೊಂದು ಸಮಾಜದ ಸೊತ್ತಾಗಿ, ಅವರವರ ಜಯಂತಿಯು ಅವರವರ ಓಣಿಯೊಳಗೇ ನಡೆಯುವಂತಾಗಿದೆ. ತಮ್ಮ ಕುಲದ ಹಿರಿಯರೆಂದು ಅಭಿಮಾನಪಡುವುದು ತಪ್ಪಲ್ಲ. ಆ ಅಭಿಮಾನವು ಎಷ್ಟೋ ಸಮಾಜಗಳಿಗೆ ಆತ್ಮಗೌರವವನ್ನು ಕೊಟ್ಟಿದೆ. ಆದರೆ ಉಳಿದವರು ‘ಅವರು ನಮ್ಮವರಲ್ಲ’ ಎಂದು ಸುಮ್ಮನಿರುವುದು ಮಾತ್ರ ಶರಣರಿಗೆ ಬಗೆಯುವ ದ್ರೋಹ. ನೇಯುವವರು ಮಾತ್ರವೇ 'ರಾಮನಾಥ' ಅಂಕಿತದ ವಚನಗಳನ್ನು ಓದಬೇಕೆಂದಿದ್ದರೆ ಅವನ್ನು ಬಸವಣ್ಣನವರು ಏಕೆ ಆದರಿಸಬೇಕಾಗಿತ್ತು, ದಾಸಿಮಯ್ಯನವರನ್ನು ತಮ್ಮ ವಚನಗಳಲ್ಲಿ ಏಕೆ ಸ್ಮರಿಸಬೇಕಾಗಿತ್ತು?

ಈ ವಿಷಯದಲ್ಲಿ ಕೊನೆಯ ಪ್ರಮಾಣ ದಾಸಿಮಯ್ಯನವರ ವಚನವೇ ಆಗಿದೆ. ದೇಹದ ಮೇಲೆ ಕಾಣುವ ಗುರುತುಗಳನ್ನು ನೋಡಿ ಲೋಕವು ಒಬ್ಬರನ್ನು ಹೆಣ್ಣೆಂದೂ ಒಬ್ಬರನ್ನು ಗಂಡೆಂದೂ ಕರೆಯುತ್ತದೆ, ಒಳಗೆ ಸುಳಿಯುವ ಆತ್ಮನು ಮಾತ್ರ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬುದು ಅವರ ಪ್ರಸಿದ್ಧ ವಚನದ ತಾತ್ಪರ್ಯ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಗುರುತುಗಳೆಲ್ಲ ವಿಶೇಷಣಗಳು, ಆತ್ಮನು ವಿಶೇಷ್ಯ. ವಿಶೇಷಣವನ್ನೇ ವಿಶೇಷ್ಯವೆಂದು ಭ್ರಮಿಸಬಾರದು. ಲಿಂಗಭೇದಕ್ಕೆ ಮಣಿಯದ ವಿಶೇಷಣಗಳುಳ್ಳ ಭಾಷೆಯಲ್ಲಿ ಇಂಥ ಮಾತು ಹುಟ್ಟಿದ್ದು ಉಚಿತವೇ ಆಗಿದೆ. ಆದ್ದರಿಂದ ಮುದನೂರಿನ ಶರಣರನ್ನು ಜೇಡರ ದಾಸಿಮಯ್ಯನೆಂದಾದರೂ ಕರೆಯಿರಿ, ದೇವರ ದಾಸಿಮಯ್ಯನೆಂದಾದರೂ ಕರೆಯಿರಿ. ವಿದ್ವಾಂಸರು ತಮ್ಮ ಸಂಶೋಧನೆಯನ್ನು ಮುಂದುವರಿಸಲಿ. ಭಕ್ತರಾದವರು ಮಾತ್ರ ಆ ವಿಶೇಷಣವನ್ನು ಓದುವಾಗ ಅದರಲ್ಲಿ ಕುಲವನ್ನು ಹುಡುಕದೆ ಕಾಯಕವನ್ನು ಕಾಣಬೇಕು, ಮತ್ತು ತಮ್ಮ ಹೆಸರಿಗೆ ಮೊದಲು ಇಡಬಹುದಾದಂಥ ಕಾಯಕ ತಮಗೊಂದು ಇದೆಯೇ ಎಂದು ತಮ್ಮನ್ನು ತಾವು ಕೇಳಿಕೊಳ್ಳಬೇಕು.